ಮೇಜಿನ ಮೇಲೊಂದು ಮರುಭೂಮಿ



ನಮ್ಮ ಸಾಂಬ್ರಾಣಿಯ ಕಡೆ ಮರಳಿಗೆ ಉಸುಕು ಎನ್ನುವುದೇ ರೂಢಿ. ಪುಸ್ತಕದಲ್ಲಿ ‘ಮರಳು’ ಎಂದು ಓದಿ, ಮನೆಗೆ ಹೋಗಿ ‘ಉಸುಕು’ ಎಂದು ಆಡುತ್ತಿದ್ದವರು ನೀವು. ಐಗಳ ಕಾಲದ ಶಾಲೆಗಳಲ್ಲಿ ಮಕ್ಕಳ ಮೊದಲ ಪಾಟಿಯೇ ಈ ಉಸುಕಾಗಿತ್ತು. ನೆಲದ ಮೇಲೆ ತೆಳ್ಳಗೆ ಹರಡಿ, ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ತಪ್ಪಿದರೆ ಅಂಗೈಯಿಂದ ಸವರಿದರಾಯಿತು, ಪಾಟಿ ಮತ್ತೆ ಹೊಸದು. ಅದರ ಈ ಗುಣವನ್ನು ಸೇನೆಯವರೂ ಬಹುಕಾಲದಿಂದ ಬಲ್ಲರು. ಕಾರ್ಯಾಚರಣೆಗೆ ಮುನ್ನ ನೆಲದ ಮೇಲೆ ಉಸುಕಿನಿಂದ ಗುಡ್ಡ, ಹಳ್ಳ, ದಾರಿಗಳನ್ನು ರೂಪಿಸಿ ಸೈನಿಕರಿಗೆ ತೋರಿಸುವ ಪದ್ಧತಿ ಇಂದಿಗೂ ನಮ್ಮ ಸೇನೆಯಲ್ಲಿದೆ. ಅದನ್ನು ಅವರು ‘ಸ್ಯಾಂಡ್ ಮಾಡೆಲ್’ ಎನ್ನುತ್ತಾರೆ.

ಸಮಾಜ ವಿಜ್ಞಾನ ಕಲಿಸುವಾಗ ನನಗೆ ಪ್ರತಿವರ್ಷವೂ ಕಷ್ಟವೆನಿಸುತ್ತಿದ್ದ ಪಾಠ ಥಾರ್ ಮರುಭೂಮಿಯದು. ಭತ್ತದ ಗದ್ದೆ, ಕೆರೆ, ತೇಗದ ಕಾಡು, ಜೂನ್ ಬಂದರೆ ಸೋರುವ ಹಂಚು, ಇವುಗಳ ನಡುವೆ ಬೆಳೆದ ಹಳಿಯಾಳ ತಾಲ್ಲೂಕಿನ ಮಕ್ಕಳಿಗೆ ಮಳೆಯಿಲ್ಲದ ನಾಡನ್ನು ಹೇಗೆ ತೋರಿಸುವುದು? ನಮ್ಮ ಸಹ್ಯಾದ್ರಿಗೆ ಬಡಿದು ಮಳೆ ಸುರಿಸುವ ನೈಋತ್ಯ ಮಾರುತವೇ ರಾಜಸ್ಥಾನದ ಮೇಲೆಯೂ ಬೀಸುತ್ತದೆ. ಆದರೆ ಅಲ್ಲಿಯ ಅರಾವಳಿ ಬೆಟ್ಟಸಾಲು ಆ ಗಾಳಿಗೆ ಅಡ್ಡ ನಿಲ್ಲದೆ ಅದರ ಜೊತೆಗೇ ಸಾಗಿರುವುದರಿಂದ ಗಾಳಿ ತಡೆಯಿಲ್ಲದೆ ಹಾದುಹೋಗುತ್ತದೆ. ಇದನ್ನು ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಹೇಳುತ್ತಿದ್ದೆ. ನೀವು ಉತ್ತರ ಪತ್ರಿಕೆಯಲ್ಲಿ ಅದನ್ನು ಹಾಗೆಯೇ ಬರೆದು ಅಂಕ ಪಡೆಯುತ್ತಿದ್ದಿರಿ. ಮರುಭೂಮಿ ಮಾತ್ರ ಯಾರ ಕಣ್ಣಿಗೂ ಕಾಣಲಿಲ್ಲ.

ನಿವೃತ್ತಿಯ ಎಷ್ಟೋ ವರ್ಷಗಳ ನಂತರ ಆ ಮರುಭೂಮಿ ನಮ್ಮ ಮನೆಯ ಪಡಸಾಲೆಯಲ್ಲಿಯೇ ಮೈದಳೆಯಿತು. ಅದರ ಕಥೆಯನ್ನು ಬರೆಯುವಂತೆ ನಿಮ್ಮಲ್ಲಿ ಕೆಲವರು ಒತ್ತಾಯಿಸಿದ್ದರಿಂದ ಈ ಬರಹ.

2024ರ ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಅವನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಪ್ಲಾಸ್ಟಿಕ್ ಸೈನಿಕರು, ಟ್ಯಾಂಕುಗಳು. ಹೆಬ್ಬೆರಳಿನ ಉದ್ದದ ಸೈನಿಕನ ಮುಖಕ್ಕೂ ಸಣ್ಣ ಕುಂಚದಿಂದ ಬಣ್ಣ ಬಳಿದಿದ್ದ. “ಇನ್ನೂ ಆಟಿಕೆಯೇನೋ?” ಎಂದರೆ, “ಅಜ್ಜ, ಇದು ಆಟಿಕೆ ಅಲ್ಲ, ಆಟ” ಎಂದು ತಿದ್ದಿದ. ಚದುರಂಗದಂತೆ ಇಲ್ಲಿಯೂ ಇಬ್ಬರು ಆಟಗಾರರು. ಆದರೆ ಮನೆಗಳಿಲ್ಲ. ಅಳತೆಪಟ್ಟಿಯಿಂದ ಇಂಚು ಅಳೆದು ಸೈನಿಕರನ್ನು ನಡೆಸಬೇಕು. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗುಡ್ಡದ ಮರೆ, ಕೆಸರು, ಬೇಲಿ ಎಲ್ಲಕ್ಕೂ ನಿಯಮಗಳಿವೆ. ಆದ್ದರಿಂದ ಆಟಕ್ಕೆ ನೆಲ ಬೇಕು. ಅವನಿಗೆ ಬೇಕಾಗಿದ್ದುದು ಮರುಭೂಮಿ. ಸಿದ್ಧವಾದದ್ದನ್ನು ತರಿಸಲು ಹಲವು ಸಾವಿರ ರೂಪಾಯಿ ಬೇಕೆಂದೂ, ಅವನ ಅಪ್ಪ ಒಪ್ಪಲಿಲ್ಲವೆಂದೂ ತಿಳಿಯಿತು.

ಈ ಆಟದ ಬೇರು ನಮ್ಮ ನೆಲದಲ್ಲಿಯೇ ಇದೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಚತುರಂಗವೇ ಎಲ್ಲಕ್ಕೂ ಹಿರಿಯದು. ಪ್ರಷ್ಯಾದ ರೈಸ್ವಿಟ್ಜ್ ಎಂಬಾತ ಚೌಕಗಳನ್ನು ಬಿಟ್ಟು, ಉಸುಕಿನಲ್ಲಿ ನೈಜವಾದ ನೆಲವನ್ನು ರೂಪಿಸಿ ಆಡುವ ಯುದ್ಧದಾಟವನ್ನು ರಚಿಸಿದ. 1812ರಲ್ಲಿ ಅದನ್ನು ಒಂದು ಸೊಗಸಾದ ಮೇಜಿನ ರೂಪದಲ್ಲಿ ದೊರೆಗೆ ಒಪ್ಪಿಸಿದ. ಅವನ ಮಗ 1824ರಲ್ಲಿ ನಿಯಮಗಳನ್ನು ತಿದ್ದಿ ಪ್ರಕಟಿಸಿದ ಮೇಲೆ ಪ್ರಷ್ಯಾದ ಸೇನಾಧಿಕಾರಿಗಳಿಗೆ ಅದು ತರಬೇತಿಯ ಸಾಧನವಾಯಿತು. ಮಕ್ಕಳಿಗೂ ಹವ್ಯಾಸಿಗಳಿಗೂ ಅದನ್ನು ಒಗ್ಗಿಸಿದವರು ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸ್. ಅವರ ‘ಲಿಟಲ್ ವಾರ್ಸ್’ ಪುಸ್ತಕ ಬಂದದ್ದು 1913ರಲ್ಲಿ. ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಬಾರಿ ಆಡಿದವನಿಗೆ ದೊಡ್ಡ ಯುದ್ಧ ಎಂತಹ ಅವಿವೇಕವೆಂಬುದು ಮನದಟ್ಟಾಗುತ್ತದೆ ಎಂಬುದು ಅವರ ವಾದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು.

ನಮ್ಮ ಕಡೆಯ ಮಕ್ಕಳಿಗೂ ಇದು ತೀರ ಹೊಸದಲ್ಲ. ಬೆಳಗಾವಿಯ ಸುತ್ತಮುತ್ತ ದೀಪಾವಳಿ ಬಂದರೆ ಮಕ್ಕಳು ಅಂಗಳದಲ್ಲಿ ಕಲ್ಲು ಮಣ್ಣು ಒಟ್ಟಿ ಕಿಲ್ಲಾ ಕಟ್ಟುತ್ತಾರೆ. ಬುರುಜು, ಬಾಗಿಲು, ಮೇಲೆ ಶಿವಾಜಿ ಮಹಾರಾಜ, ಮೆಟ್ಟಿಲುಗಳ ಮೇಲೆ ಮಣ್ಣಿನ ಮಾವಳೆ ಸೈನಿಕರು, ಇಳಿಜಾರಿನಲ್ಲಿ ಸಾಸಿವೆ ಚೆಲ್ಲಿ ಬೆಳೆಸಿದ ಹಸಿರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗೆ ಬಂಕರ್ ಕಟ್ಟುವುದು ಕಷ್ಟವೇ? “ನೀನು ಆಟ ಕಲಿಸು, ನಾನು ನೆಲ ಮಾಡಿಕೊಡುತ್ತೇನೆ” ಎಂದು ಒಪ್ಪಂದವಾಯಿತು.

ಅವನು ಆರಿಸಿಕೊಂಡದ್ದು ಲೋಂಗೆವಾಲಾ ಕದನ. 1971ರ ಡಿಸೆಂಬರ್ 4ರ ರಾತ್ರಿ ಜೈಸಲ್ಮೇರ್ ಜಿಲ್ಲೆಯ ಆ ಗಡಿಠಾಣೆಯಲ್ಲಿದ್ದವರು ಪಂಜಾಬ್ ರೆಜಿಮೆಂಟಿನ 23ನೆಯ ಬೆಟಾಲಿಯನ್ನಿನ ಸುಮಾರು 120 ಮಂದಿ. ಅವರ ನಾಯಕ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ. ಎದುರಿಗೆ ಬಂದದ್ದು 40ಕ್ಕೂ ಹೆಚ್ಚು ಟ್ಯಾಂಕುಗಳೊಡನೆ 2000ಕ್ಕೂ ಹೆಚ್ಚು ಸೈನಿಕರ ಪಡೆ. ಜೈಸಲ್ಮೇರಿನಲ್ಲಿದ್ದ ನಮ್ಮ ಹಂಟರ್ ವಿಮಾನಗಳಿಗೆ ರಾತ್ರಿ ಹೋರಾಡುವ ಸಾಧನವಿರಲಿಲ್ಲ. ಬೆಳಗಾಗುವವರೆಗೆ ಠಾಣೆ ಉಳಿಯಬೇಕಿತ್ತು, ಉಳಿಯಿತು. ನೆರಳಿಲ್ಲದ, ಮರೆಯಿಲ್ಲದ ಆ ಬಯಲಿನಲ್ಲಿ ಹಗಲಾದೊಡನೆ ವಿಮಾನಗಳಿಗೆ ಟ್ಯಾಂಕುಗಳು ಅಂಗೈಯ ಮೇಲಿನ ಕಾಳಿನಂತೆ ಕಂಡವು. ಎಷ್ಟೋ ಟ್ಯಾಂಕುಗಳು ಅದಕ್ಕೆ ಮುನ್ನವೇ ಮೆತ್ತನೆಯ ಉಸುಕಿನಲ್ಲಿ ಹೂತು ನಿಂತಿದ್ದವು. ಗೆಲುವಿನ ಪಾಲು ಭೂಸೇನೆಯದೆಷ್ಟು, ವಾಯುಸೇನೆಯದೆಷ್ಟು ಎಂಬ ಚರ್ಚೆ ಮುಂದೆ ಬಹಳ ನಡೆಯಿತು. ಉಸುಕಿನ ಪಾಲನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ. ‘ಬಾರ್ಡರ್’ (1997) ಎಂಬ ಹಿಂದಿ ಚಲನಚಿತ್ರದಿಂದ ನಿಮಗೆಲ್ಲ ಇದು ಪರಿಚಿತ. ಮಹಾವೀರ ಚಕ್ರ ಪಡೆದ ಚಾಂದಪುರಿಯವರು 2018ರಲ್ಲಿ ತೀರಿಕೊಂಡರು.

ಮೊದಲು ಅಳತೆಯ ಲೆಕ್ಕ. ಅವನ ಸೈನಿಕರು 72ರಲ್ಲಿ ಒಂದು ಪಾಲಿನವರು, ಅಂದರೆ ಆರಡಿಗೆ ಸ್ವಲ್ಪ ಕಡಿಮೆಯ ಮನುಷ್ಯ ಇಲ್ಲಿ 2.4 ಸೆಂ.ಮೀ. ನಮ್ಮ ಹಳೆಯ ಬಾಗಿಲಿನ ಹಲಗೆ 4 ಅಡಿಗೆ 3 ಅಡಿ. ಅದೇ ಪ್ರಮಾಣದಲ್ಲಿ ನೆಲವನ್ನು ಅಳೆದರೆ ಇಡೀ ಹಲಗೆ ಕೇವಲ 88 ಮೀಟರಿಗೆ 66 ಮೀಟರ್, ಶಾಲೆಯ ಆಟದ ಬಯಲಿನಷ್ಟು. ಅದರಲ್ಲಿ ಟ್ಯಾಂಕುಗಳ ಕದನ ಎಲ್ಲಿ ಹಿಡಿಸೀತು? ಆದ್ದರಿಂದ ಈ ಆಟದವರು ಗೊಂಬೆಗೆ ಒಂದು ಪ್ರಮಾಣ, ನೆಲಕ್ಕೆ ಇನ್ನೊಂದು ಪ್ರಮಾಣ ಇಟ್ಟುಕೊಳ್ಳುತ್ತಾರೆ. ನಾವು ಒಂದು ಸೆಂಟಿಮೀಟರಿಗೆ 20 ಮೀಟರ್ ಎಂದು ಹಿಡಿದೆವು. ಹಲಗೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಬಯಲಾಯಿತು. ಒಂದು ಟ್ಯಾಂಕು ನಾಲ್ಕಕ್ಕೆ ಸಮ.

ಇನ್ನು ದಿಬ್ಬಗಳು. ಮರುಭೂಮಿಯ ದಿಬ್ಬವೆಂದರೆ ಉಸುಕಿನ ಗುಡ್ಡೆಯಲ್ಲ, ಅದಕ್ಕೊಂದು ವ್ಯಾಕರಣವಿದೆ. ಗಾಳಿ ಬರುವ ದಿಕ್ಕಿಗೆ ನಿಧಾನವಾದ ಏರು, ಸುಮಾರು 10ರಿಂದ 15 ಡಿಗ್ರಿ. ತುದಿ ದಾಟಿದೊಡನೆ ಸುಮಾರು 33 ಡಿಗ್ರಿಯ ಕಡಿದಾದ ಇಳಿಜಾರು. ಈ ಎರಡನೆಯ ಸಂಖ್ಯೆಯನ್ನು ನೀವೇ ಪರೀಕ್ಷಿಸಬಹುದು: ಒಣ ಉಸುಕನ್ನು ಮುಷ್ಟಿಯಿಂದ ಸಣ್ಣಗೆ ಸುರಿಸಿರಿ. ರಾಶಿ ಎಷ್ಟೇ ದೊಡ್ಡದಾಗಲಿ, ಅದರ ಪಕ್ಕದ ಓಟ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕಿಂತ ಕಡಿದಾದರೆ ಉಸುಕು ತಾನೇ ಜಾರುತ್ತದೆ. ಹೀಗಾಗಿ 4 ಸೆಂ.ಮೀ. ಎತ್ತರದ ದಿಬ್ಬಕ್ಕೆ ಗಾಳಿಯ ಕಡೆ 18 ಸೆಂ.ಮೀ., ಮರೆಯ ಕಡೆ 6 ಸೆಂ.ಮೀ. ಬಿಡಬೇಕು. ಚಂದ್ರನ ಆಕಾರದ ದಿಬ್ಬವಾದರೆ ಎರಡು ಕೊಂಬುಗಳೂ ಗಾಳಿ ಹೋಗುವ ದಿಕ್ಕಿಗೆ ಚಾಚಿರಬೇಕು. ಥಾರಿನಲ್ಲಿ ಬಲವಾದ ಗಾಳಿ ನೈಋತ್ಯದಿಂದ, ಆದ್ದರಿಂದ ಕೊಂಬುಗಳು ಈಶಾನ್ಯಕ್ಕೆ. ಹಲಗೆಯ ಮೂಲೆಯಲ್ಲಿ ಮೊದಲೇ ಒಂದು ಬಾಣ ಬರೆದುಕೊಂಡೆವು.

ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಹರಿತವಾದ ಚಾಕುವಿನಿಂದ ದಿಬ್ಬಗಳನ್ನು ಕೆತ್ತಿದೆವು. ಡಬ್ಬಿಯಿಂದ ಸಿಂಪಡಿಸುವ ಬಣ್ಣ, ಪೆಟ್ರೋಲು, ಥಿನ್ನರ್ ಇವು ಥರ್ಮಾಕೋಲನ್ನು ಕರಗಿಸಿಬಿಡುತ್ತವೆ, ನೆನಪಿರಲಿ. ಮೇಲೆ ಹಳೆಯ ಪತ್ರಿಕೆಯ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಮೂರು ಪದರ ಹೊದಿಸಿದೆವು. ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಹಿಡಿಯುವುದಿಲ್ಲ. ಪುಸ್ತಕದ ರಟ್ಟು ಕಟ್ಟುವವರು ಮಾಡುವ ಉಪಾಯ ಇದು. ವಿಷವಾದ್ದರಿಂದ ಮಕ್ಕಳ ಕೈಗೆ ಕೊಡಬಾರದು.

ನಂತರ ಉಸುಕು. ನೆರೆಮನೆಯ ಕಟ್ಟಡದ ಕೆಲಸದಲ್ಲಿ ಉಳಿದ ಎರಡು ಬುಟ್ಟಿ ಉಸುಕನ್ನು ಕೇಳಿ ತಂದೆವು. ನೀರು ತಿಳಿಯಾಗುವವರೆಗೆ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ, ಮೊದಲು ಕಾಳಿನ ಜರಡಿಯಲ್ಲಿ, ಆಮೇಲೆ ಹಿಟ್ಟಿನ ಸಾಣಿಗೆಯಲ್ಲಿ ಹಿಡಿದೆವು. ಸಾಣಿಗೆ ಕೊಡುವಾಗ ಮನೆಯಾಕೆಯ ಮುಖ ಹೇಗಿತ್ತೆಂದು ಬರೆಯುವುದು ಬೇಡ. ದಪ್ಪನೆಯದು ಠಾಣೆಯ ಸುತ್ತಿನ ಗಟ್ಟಿ ನೆಲಕ್ಕೆ, ನುಣ್ಣನೆಯದು ದಿಬ್ಬಕ್ಕೆ. ಫೆವಿಕಾಲಿಗೆ ಸಮಪ್ರಮಾಣದ ನೀರು ಬೆರೆಸಿ ಬಳಿದು, ಹಸಿಯಿರುವಾಗಲೇ ಉಸುಕನ್ನು ಸಾಣಿಗೆಯಿಂದ ಉದುರಿಸಬೇಕು. ಒಂದು ದಿನ ಬಿಟ್ಟು ಹಲಗೆಯನ್ನು ಓರೆಮಾಡಿ ತಟ್ಟಿದರೆ ಹೆಚ್ಚಿನದು ಬಿದ್ದುಹೋಗುತ್ತದೆ. ಮೇಲೆ ಇನ್ನೂ ತೆಳುವಾದ ಅಂಟುನೀರು, ಒಂದು ಪಾಲಿಗೆ ಮೂರು ಪಾಲು ನೀರು, ಒಮ್ಮೆ ಹನಿಸಿದರೆ ಗಟ್ಟಿಯಾಗುತ್ತದೆ. ಗಾಳಿಯ ಅಲೆಗಳನ್ನು ಮೂಡಿಸಲು ಅಂಟು ಬೆರೆತ ಉಸುಕಿನ ಮೇಲೆ ಹಳೆಯ ಬಾಚಣಿಗೆ ಎಳೆದೆವು. ಈ ಗೆರೆಗಳು ಗಾಳಿಗೆ ಅಡ್ಡಲಾಗಿರಬೇಕು, ಉದ್ದಕ್ಕಲ್ಲ.

ನಮ್ಮ ಹಳ್ಳದ ಉಸುಕು ಬೂದುಬಣ್ಣದ್ದು, ಥಾರಿನದು ತಿಳಿಹಳದಿ. ಆದ್ದರಿಂದ ಬಿಳಿ ಡಿಸ್ಟೆಂಪರಿಗೆ ಹಳದಿ ಮತ್ತು ಕಂದು ಸ್ಟೇನರ್ ಬೆರೆಸಿ ಮೂರು ಛಾಯೆ ಮಾಡಿಕೊಂಡೆವು. ಕಡುಛಾಯೆ ಇಡೀ ನೆಲಕ್ಕೆ, ನಡುವಿನದು ಅದರ ಮೇಲೆ ಅಲ್ಲಲ್ಲಿ. ಕೊನೆಯ ತಿಳಿಛಾಯೆಯಲ್ಲಿ ಕುಂಚ ಅದ್ದಿ, ಪತ್ರಿಕೆಗೆ ಒರೆಸಿ ಒರೆಸಿ ಬಹುತೇಕ ಒಣಗಿಸಿ, ಮೇಲುಮೇಲೆ ಎಳೆದರೆ ಕಣಗಳ ತುದಿಗೆ ಮಾತ್ರ ಬಣ್ಣ ಹತ್ತುತ್ತದೆ. ಆ ಕ್ಷಣದಲ್ಲಿ ಹಲಗೆಗೆ ಬಿಸಿಲು ಬಂದಿತು. ಇಷ್ಟು ವರ್ಷ ಕಪ್ಪು ಹಲಗೆಯಲ್ಲಿ ತೋರಿಸಲಾಗದ್ದನ್ನು ನಾನೂ ಆಗಲೇ ಕಂಡದ್ದು.

ಗಿಡಗಳಿಗೆ ಹಳೆಯ ವಿದ್ಯುತ್ ತಂತಿಯ ಎಳೆಗಳನ್ನು ಹೊಸೆದೆವು, ಎಲೆಗೆ ಸೋಸಿ ಒಣಗಿಸಿದ ಚಹಾಪುಡಿ. ಅಲ್ಲಿಯ ಖೇಜಡಿ ಎಂಬುದು ನಾವು ಶಮಿ, ಬನ್ನಿ ಎಂದು ಪೂಜಿಸುವ ಮರವೇ. ರಾಜಸ್ಥಾನದ ರಾಜ್ಯವೃಕ್ಷವೂ ಅದೇ. ಪಾಂಡವರು ಆಯುಧಗಳನ್ನು ಅಡಗಿಸಿಟ್ಟ ಮರ ಯುದ್ಧಭೂಮಿಯ ನಡುವೆ ನಿಂತಿದೆಯೆಂದು ಹೇಳಿದಾಗ ಹುಡುಗ ಒಂದಕ್ಕೆ ಬದಲು ಐದು ಮಾಡಿದ. ಹುಲ್ಲಿಗೆ ತೆಂಗಿನ ನಾರು, ಮುಳ್ಳುತಂತಿಗೆ ಮೊಳೆಗೆ ಸುತ್ತಿ ಎಳೆದ ತೆಳುತಂತಿ, ಮರಳುಮೂಟೆಗಳಿಗೆ ಗದ್ದೆಯ ಜಿಗುಟುಮಣ್ಣು. ಒಟ್ಟು ಖರ್ಚು: ಥರ್ಮಾಕೋಲ್ 240, ಫೆವಿಕಾಲ್ 150, ಡಿಸ್ಟೆಂಪರ್ 90, ಸ್ಟೇನರ್ 80, ಕುಂಚ 40, ಸೇರಿ 600 ರೂಪಾಯಿ.

ಸಾಂಬ್ರಾಣಿಯಂತಹ ಊರಿನಲ್ಲಿ ನಿವೃತ್ತ ಮಾಸ್ತರರು ಉಸುಕು ತೊಳೆಯುತ್ತಿರುವ ಸುದ್ದಿ ಗುಟ್ಟಾಗಿ ಉಳಿಯುವುದುಂಟೇ? ನೋಡಲು ಒಬ್ಬೊಬ್ಬರೇ ಬಂದರು. ಒಂದು ಸಂಜೆ ನಮ್ಮ ಓಣಿಯ ಹಿರಿಯರೊಬ್ಬರು ಬಂದರು. ಅವರ ಪತಿ ಸೇನೆಯಲ್ಲಿ ಲಾರಿ ಚಾಲಕರಾಗಿದ್ದವರು, ಕೆಲವು ವರ್ಷ ರಾಜಸ್ಥಾನದ ಗಡಿಯಲ್ಲಿದ್ದವರು. ನಿವೃತ್ತರಾಗಿ ಬಂದು ಇಲ್ಲಿಯೇ ಕೃಷಿ ಮಾಡಿ, 2019ರಲ್ಲಿ ತೀರಿಕೊಂಡರು. ಮಾತು ಕಡಿಮೆಯ ಮನುಷ್ಯ. ಶಾಲೆಯ ಸ್ವಾತಂತ್ರ್ಯ ದಿನಕ್ಕೆ ಎಷ್ಟು ಬಾರಿ ಕರೆದರೂ ಬಂದು ಕುಳಿತು ಹೋಗುತ್ತಿದ್ದರೇ ಹೊರತು ಒಮ್ಮೆಯೂ ಭಾಷಣ ಮಾಡಲಿಲ್ಲ.

“ಬರ್ರಿ ಅಕ್ಕಾರ” ಎಂದು ಕುರ್ಚಿ ಹಾಕಿದೆ. ಅವರು ಕುಳಿತುಕೊಳ್ಳಲಿಲ್ಲ. ಹಲಗೆಯ ಸುತ್ತ ಒಮ್ಮೆ ನಡೆದು, ದಿಬ್ಬದ ಮೇಲೆ ಬೆರಳಿಟ್ಟು, “ಇದರಾಗ ಗಾಲಿ ಹುಗೀತಿದ್ದುವಂತ. ಗಾಳಿ ಇಳಿಸಿ ಮೆತ್ತಗ ಮಾಡಿ ಹೊಡೀತಿದ್ದೆ ಅಂತಿದ್ರು” ಎಂದರು. ಅದು ನಿಜವೇ. ಚಕ್ರದ ಗಾಳಿ ಇಳಿಸಿದರೆ ಅದು ಅಗಲವಾಗಿ ಊರಿ ಉಸುಕಿನಲ್ಲಿ ಹೂಳುವುದಿಲ್ಲ. ಮೊಮ್ಮಗ ಆ ಮಾತನ್ನು ಕೂಡಲೇ ತನ್ನ ನಿಯಮದ ಪುಸ್ತಕದಲ್ಲಿ ಬರೆದುಕೊಂಡ. ಅವರು ಇನ್ನೂ ಏನನ್ನೋ ಹುಡುಕುತ್ತಿದ್ದರು. ಕೊನೆಗೆ ಕೇಳಿದರು: “ಮಾಸ್ತರ, ಇಲ್ಲೆ ಮಂದಿ ಎಲ್ಲಿ ಇರ್ತಾರ? ಒಂದ್ ಮನ್ಯಾಗ ದಿನಾ ಇವರಿಗೆ ಮಜ್ಜಿಗಿ ಕೊಡತಿದ್ರಂತ. ಆ ಮುದುಕಿ ಹೆಸರು ಹೇಳ್ತಿದ್ರು, ನನಗ ಮರತೈತಿ. ಆ ಮನಿ ಯಾವ ಕಡೆ?”

ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನಮ್ಮ ಹಲಗೆಯ ಮೇಲೆ ಠಾಣೆಯಿತ್ತು, ತಂತಿಯಿತ್ತು, ಟ್ಯಾಂಕುಗಳಿದ್ದವು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಮರುಭೂಮಿಯಿಂದ ತಮ್ಮ ಹೆಂಡತಿಗಾಗಿ ತಂದದ್ದು ಚಕ್ರದ ಮಾತು, ಮಜ್ಜಿಗೆಯ ಮಾತು, ಇವೆರಡೇ. ಯುದ್ಧವೆಂಬುದು ಅವರ ಕಥೆಯಲ್ಲಿರಲೇ ಇಲ್ಲ. ಆಕೆ ಹೊರಟಾಗ ಹುಡುಗ ಬಾಗಿಲವರೆಗೆ ಹೋಗಿ, “ಅಜ್ಜಿ, ನಾಳೆ ಬನ್ನಿ” ಎಂದ.

ಮರುದಿನ ಬೆಳಿಗ್ಗೆ ಅವನೇ ಕುಳಿತು ರಟ್ಟನ್ನು ದುಂಡಗೆ ಬಾಗಿಸಿ, ಮಣ್ಣು ಮೆತ್ತಿ, ಕಸಬರಿಗೆಯ ಕಡ್ಡಿಗಳಿಂದ ಚೂಪಾದ ಮಾಡು ಹೊದಿಸಿ ಎರಡು ಗುಡಿಸಲು ಮಾಡಿದ. ಮರುಭೂಮಿಯ ಇಂತಹ ಒಂಟಿ ವಸತಿಗೆ ಅಲ್ಲಿ ಢಾಣಿ ಎನ್ನುತ್ತಾರೆ. ಪಕ್ಕದಲ್ಲಿ ಮಳೆನೀರು ಕೂಡಿಡುವ ನೆಲದೊಳಗಿನ ತೊಟ್ಟಿ, ಅಲ್ಲಿಯವರ ಟಾಂಕಾ. ಅದಕ್ಕೆ ಔಷಧಿ ಸೀಸೆಯ ಮುಚ್ಚಳ. ಮುಳ್ಳಿನ ಬೇಲಿ, ಎರಡು ಮಣ್ಣಿನ ಆಡು. ನಿಯಮದ ಪುಸ್ತಕದಲ್ಲಿ ಒಂದು ಸಾಲು ಸೇರಿತು: ಢಾಣಿಯ ಆರು ಇಂಚಿನೊಳಗೆ ಯಾರ ಗುಂಡು ಬಿದ್ದರೂ ಅವನು ಆಟ ಸೋತಂತೆ, ಉಳಿದ ಲೆಕ್ಕವೇ ಇಲ್ಲ.

ನಾವಿಬ್ಬರೂ ಮೂರು ಬಾರಿ ಆಡಿದೆವು. ಉಸುಕಿನಲ್ಲಿ ಟ್ಯಾಂಕು ಪ್ರತಿ ಬಾರಿ ಚಲಿಸುವಾಗ ದಾಳ ಹಾಕಬೇಕು, ಒಂದು ಅಥವಾ ಎರಡು ಬಿದ್ದರೆ ಹೂತಿತು. ಬೆಳಗಾಗಲು ಎಂಟು ಸರದಿ. ಅಷ್ಟರೊಳಗೆ ಠಾಣೆ ಹಿಡಿಯದಿದ್ದರೆ ವಿಮಾನ ಬರುತ್ತದೆ. ಮೊದಲೆರಡು ಆಟಗಳಲ್ಲಿ ದಾಳಿಯ ಪಡೆಯನ್ನು ನಡೆಸಿದ ನಾನು ಉಸುಕಿನಲ್ಲಿಯೇ ಉಳಿದೆ. ಮೂರನೆಯದರಲ್ಲಿ ಅವನ ಟ್ಯಾಂಕುಗಳಿಗೆ ನೇರವಾದ ಗಟ್ಟಿದಾರಿ ಢಾಣಿಯ ಪಕ್ಕದಲ್ಲಿಯೇ ಇತ್ತು. ಹುಡುಗ ಬಹಳ ಹೊತ್ತು ನೋಡಿ, ದಿಬ್ಬ ಬಳಸಿಕೊಂಡು ಹೋದ. ಎಂಟನೆಯ ಸರದಿ ಮುಗಿಯಿತು. “ಗುಡಿಸಲು ಇಲ್ಲದಿದ್ದರೆ ಗೆಲ್ತಿದ್ದೆ ಅಜ್ಜ” ಎಂದನೇ ಹೊರತು ಅದನ್ನು ತೆಗೆಯೋಣವೆಂದು ಹೇಳಲಿಲ್ಲ.

ಸತ್ತವರ ನೆಲದ ಮೇಲೆ ಆಟವಾಡುವುದು ಸರಿಯೇ ಎಂದು ನಿಮ್ಮಲ್ಲಿ ಒಬ್ಬರು ಕೇಳಿದ್ದೀರಿ. ಲೋಂಗೆವಾಲಾದಲ್ಲಿ ಎರಡೂ ಕಡೆಯವರು ಸತ್ತರು, ಅವರಲ್ಲಿ ಪ್ರತಿಯೊಬ್ಬನನ್ನೂ ಕಾಯುತ್ತಿದ್ದ ಮನೆಯಿತ್ತು. ಆಟ ಅದನ್ನು ಮರೆಸುವುದಾದರೆ ಆಟ ಬೇಡ. ಆದರೆ ಚಲನಚಿತ್ರದಲ್ಲಿ ಯುದ್ಧ ಕಂಡು ಚಪ್ಪಾಳೆ ತಟ್ಟಿದ ಹುಡುಗ, ಮೇಜಿನ ಮೇಲೆ ಒಂದು ಗುಡಿಸಲಿಗಾಗಿ ಸುತ್ತುದಾರಿ ಹಿಡಿದುದನ್ನು ನಾನು ಕಂಡಿದ್ದೇನೆ. ಅದನ್ನು ಕಲಿಸಿದ್ದು ನಾನಲ್ಲ, ವೆಲ್ಸರೂ ಅಲ್ಲ.

ಹಲಗೆ ಈಗ ನಮ್ಮ ಭಾಗದ ಒಂದು ಶಾಲೆಯಲ್ಲಿದೆ. ಅಲ್ಲಿಯ ಸಮಾಜ ವಿಜ್ಞಾನದ ಶಿಕ್ಷಕಿ ನನ್ನ ವಿದ್ಯಾರ್ಥಿನಿಯೇ. ಟ್ಯಾಂಕುಗಳು ಬೆಂಗಳೂರಿಗೆ ಹೋದವು, ಢಾಣಿ ಮತ್ತು ಟಾಂಕಾ ಹಲಗೆಯ ಮೇಲೆಯೇ ಉಳಿದಿವೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದು ಮಕ್ಕಳು ಈಗ ದಿಬ್ಬದ ಕೊಂಬು ನೋಡಿ ಹೇಳುತ್ತಾರಂತೆ. ನಿಮ್ಮಲ್ಲಿ ಶಿಕ್ಷಕರಾಗಿರುವವರು ಇಂಥದೊಂದನ್ನು ಮಾಡಿ ನೋಡಿರಿ. 2024ರಲ್ಲಿ ನಮಗೆ ತಗುಲಿದ ಖರ್ಚು 600 ರೂಪಾಯಿ, ಬಿಸಿಲಿನ ಒಂದು ವಾರ ಸಾಕು. ಸಾಣಿಗೆಯನ್ನು ಮಾತ್ರ ಮನೆಯವರನ್ನು ಕೇಳಿಯೇ ತೆಗೆದುಕೊಳ್ಳಿರಿ.